ಕಾಣದುದು ಇಲ್ಲವೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರ ಗಾದೆ. ಕಂಡುದಕ್ಕೇ ಇಷ್ಟು ಎಚ್ಚರ ಬೇಕಾದ ಮೇಲೆ ಕಾಣದುದರ ವಿಷಯದಲ್ಲಿ ಎಷ್ಟು ಬೇಡ?

ಕುಮಾರಿಲಭಟ್ಟನ ಮತದ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದೇ ಎಣಿಸಿದರು. ಆದರೆ ಅದಕ್ಕೊಂದು ಕಟ್ಟು ಹಾಕಿದರು. ವಸ್ತುವು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎಂಬಲ್ಲಿ ಮಾತ್ರ ಅದು ಪ್ರಮಾಣ. ಹಗಲಿನಲ್ಲಿ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು.

ಈ ತರ್ಕವು ಪಂಡಿತರ ಜಗಲಿಗೆ ಮಾತ್ರ ಸೇರಿದುದಲ್ಲ. ಇಂದಿನ ವೈದ್ಯರು ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಒಡಲೊಳಕ್ಕೆ ಕಳುಹಿ, ಮರಳಿ ಬಂದ ಪ್ರತಿಧ್ವನಿಯಿಂದ ಮೂತ್ರಪಿಂಡದ ಚಿತ್ರವನ್ನು ಪಡೆಯುತ್ತಾರೆ. ಕ್ಯಾನ್ಸರಿನ ಗೆಡ್ಡೆಯು ಮೂತ್ರನಾಳವನ್ನು ಒತ್ತಿದರೆ ಮೂತ್ರವು ಮೇಲೆ ತಂಗಿ ಪಿಂಡದ ಒಳಭಾಗವು ಹಿಗ್ಗುತ್ತದೆ. ಆ ಹಿಗ್ಗು ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಇದು ಸಾಮಾನ್ಯ ನಿಯಮ. ಆದರೆ ರೋಗವು ಹೊಟ್ಟೆಯ ಹಿಂಭಾಗದಲ್ಲಿ ಹಬ್ಬಿ ನಾಳವನ್ನು ಬಿಗಿಯಾಗಿ ಸುತ್ತಿಕೊಂಡಿದ್ದರೆ, ರೋಗಿಯ ಮೈಯಲ್ಲಿ ನೀರು ಬತ್ತಿದ್ದರೆ, ಇಲ್ಲವೆ ತಡೆಯು ತೀರ ಹೊಸದಾಗಿದ್ದರೆ, ದಾರಿ ಮುಚ್ಚಿದ್ದರೂ ಪಿಂಡವು ಹಿಗ್ಗದಿರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿರುವಾಗಲೂ ಚಿತ್ರವು ನಿರ್ದೋಷವಾಗಿ ತೋರೀತು. ಆಗ 'ತಡೆಯಿಲ್ಲ' ಎಂದು ಬರೆದು ಸುಮ್ಮನಾದರೆ, ಸಕಾಲದಲ್ಲಿ ಒಂದು ಸಣ್ಣ ಕೊಳವೆಯಿಂದ ಉಳಿಯಬಹುದಾಗಿದ್ದ ಪಿಂಡವು ಕೆಟ್ಟುಹೋಗುತ್ತದೆ.

ಇದಕ್ಕೆ ವಿಪರೀತವಾದ ಭ್ರಮೆಯೂ ಉಂಟು. ಪಿಂಡದ ಹೊರಪದರವು ಕೆಲವೆಡೆ ಕಂಬದಂತೆ ಒಳಕ್ಕೆ ಚಾಚಿರುತ್ತದೆ. ಫ್ರಾನ್ಸಿನ ಬೆರ್ತಾಂ ಎಂಬ ಶರೀರಶಾಸ್ತ್ರಜ್ಞನ ಹೆಸರು ಅದಕ್ಕಿದೆ. ಕೆಲವರಲ್ಲಿ ಹುಟ್ಟಿನಿಂದಲೇ ದಪ್ಪವಾಗಿರುವ ಈ ಕಂಬವು ಗೆಡ್ಡೆಯಂತೆ ತೋರುತ್ತದೆ. ಕ್ಯಾನ್ಸರ್ ಎಂಬ ಹೆಸರನ್ನು ಮೊದಲೇ ಕೇಳಿದ ಮನಸ್ಸು ಅಲ್ಲಿಯೂ ಅದನ್ನೇ ಕಾಣಲು ಆತುರಪಡುತ್ತದೆ. ಹಗ್ಗದಲ್ಲಿ ಹಾವನ್ನು ಕಾಣಿಸುವುದು ಕಣ್ಣಿನ ದೋಷಕ್ಕಿಂತ ಭಯದ ಕೆಲಸ.

ಹಾಗಾದರೆ ಸತ್ಯವಂತನಾದ ವೈದ್ಯನ ಧರ್ಮವೇನು? ಕಂಡುದನ್ನು ಹೇಳಿದರೆ ಸತ್ಯದ ಅರ್ಧ ಸಂದಿತು; ತಾನು ಎಷ್ಟು ಕಾಣಬಲ್ಲೆನೆಂಬುದನ್ನೂ ಹೇಳಿದರೆ ಪೂರ್ತಿ ಸಂದೀತು. 'ಹಿಗ್ಗು ಕಾಣಲಿಲ್ಲ, ಆದರೂ ತಡೆಯಿಲ್ಲವೆನ್ನಲಾಗದು, ಬೇರೆ ಪರೀಕ್ಷೆ ಆಗಲಿ' ಎಂಬ ಮಾತು ಕೇಳುವವರಿಗೆ ಹಿತವಲ್ಲ. ರೋಗಿಯ ಮನೆಯವರಾದ ನಾವು 'ಏನೂ ಇಲ್ಲ' ಎಂಬ ಒಂದು ಮಾತಿಗಾಗಿ ಬಾಗಿಲಲ್ಲಿ ಕಾದು ನಿಂತಿರುತ್ತೇವೆ. ನಮ್ಮ ಆ ಹಂಬಲವೂ ತಪ್ಪು ತೀರ್ಮಾನದಲ್ಲಿ ಪಾಲುಗಾರನೇ. ಸಂದೇಹವನ್ನು ಸಂದೇಹವೆಂದೇ ಹೇಳುವ ವೈದ್ಯನನ್ನು ಅಸಮರ್ಥನೆಂದು ಬಗೆಯದಿರುವುದು ನಮ್ಮ ಪಾಲಿನ ಧರ್ಮ.