ಕಾರಣ ಸಿಗುವವರೆಗೆ ಕಲ್ಲು ಕಾಯಬೇಕೆ?

ಹೇಗೆ ನಡೆಯಿತೆಂದು ವಿವರಿಸಲಾಗದಿದ್ದರೆ ನಡೆಯಿತು ಎಂದೂ ಹೇಳಬಾರದು. ಈ ವಾದವನ್ನು ವಿಚಾರಸಂಕಿರಣಗಳಲ್ಲೂ ಮನೆಯ ಜಗಲಿಯಲ್ಲೂ ಕೇಳುತ್ತ ಬಂದಿದ್ದೇನೆ. ಹೇಳುವವರು ಇದನ್ನು ಎಚ್ಚರದ ಲಕ್ಷಣ ಅಂದುಕೊಂಡಿರುತ್ತಾರೆ. ನನಗಾದರೋ ಇದು ಎದುರಿಗಿರುವ ಸಾಕ್ಷಿಗೆ ಬೆನ್ನು ಹಾಕುವ ದಾರಿ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕರ ಚರ್ಚೆ ಇದೆ, ಕಾರ್ಯಕಾರಣ ಸಂಬಂಧವನ್ನೇ ಅಲ್ಲಾಡಿಸಿದ ತತ್ತ್ವಜ್ಞಾನಿ ಹ್ಯೂಮ್ ಇದ್ದಾನೆ. ಅವರ ಗೌರವ ಅವರಿಗಿರಲಿ. ನಾನು ವಾದಕ್ಕಿಳಿಯಬೇಕಾದದ್ದು ಹೆರಾಲ್ಡ್ ಜೆಫ್ರೀಸ್ ಜೊತೆ.

ಜೆಫ್ರೀಸ್ ಸಾಮಾನ್ಯರಲ್ಲ. ಭೂಮಿಯ ಗರ್ಭದಲ್ಲಿ ದ್ರವರೂಪದ ತಿರುಳಿದೆ ಎಂದು 1926ರಲ್ಲಿ ವಾದಿಸಿ ಗೆದ್ದ ಕೇಂಬ್ರಿಜ್‌ನ ಗಣಿತಜ್ಞ. ಸಾಕ್ಷ್ಯದಿಂದ ತೀರ್ಮಾನಕ್ಕೆ ಹೋಗುವುದು ಹೇಗೆಂಬ ಬಗ್ಗೆಯೇ 1939ರಲ್ಲಿ ಸಂಭಾವ್ಯತೆಯ ದೊಡ್ಡ ಗ್ರಂಥ ಬರೆದವರು. ಅಂಥವರು 1924ರ ‘ದಿ ಅರ್ತ್’ ಪುಸ್ತಕದಿಂದ ಹಿಡಿದು 1989ರಲ್ಲಿ ತೀರಿಕೊಳ್ಳುವವರೆಗೂ ಖಂಡಗಳು ಚಲಿಸುತ್ತವೆ ಎಂಬುದನ್ನು ಒಪ್ಪಲಿಲ್ಲ. ಖಂಡಚಲನೆಯ ವಾದವನ್ನು ಮುಂದಿಟ್ಟ ಆಲ್ಫ್ರೆಡ್ ವೆಗೆನರ್ ಸೂಚಿಸಿದ್ದ ಬಲಗಳು ಖಂಡವೊಂದನ್ನು ಕದಲಿಸಲು ಏನೇನೂ ಸಾಲವು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕ ಸರಿಯಾಗಿಯೇ ಇತ್ತು. ನನ್ನ ತಕರಾರಿರುವುದು ಅವರು ಅದರಿಂದ ತೆಗೆದ ತೀರ್ಮಾನದ ಬಗ್ಗೆ.

ಯಾಕೆಂದರೆ ಅಷ್ಟರಲ್ಲಿ ಕಲ್ಲುಗಳು ಸಾಕ್ಷಿ ಹೇಳತೊಡಗಿದ್ದವು. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜ ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುದ್ಧ ಮ್ಯಾಗ್ನಟೈಟ್ ಆದರೆ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ. ಆ ದಿಕ್ಕಿಗೆ ಇಳಿಜಾರೂ ಉಂಟು. ಸಮಭಾಜಕದಲ್ಲಿ ಅದು ಅಡ್ಡ, ಧ್ರುವದಲ್ಲಿ ನೆಟ್ಟಗೆ, ನಡುವೆ ಅಕ್ಷಾಂಶಕ್ಕೆ ತಕ್ಕಂತೆ ಓರೆ. ಹಾಗಾಗಿ ಕಲ್ಲಿನೊಳಗಿನ ಓರೆಯನ್ನು ಅಳೆದರೆ ಅದು ಆರಿದ ಅಕ್ಷಾಂಶ ಸಿಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಯವರೆಗೆ ಚಾಚಿರುವ ದಖ್ಖನ್ನಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದು. ಅದರ ಓರೆ ಹೇಳುವ ಜಾಗ ದಕ್ಷಿಣ ಗೋಳಾರ್ಧದ ಸುಮಾರು 30 ಡಿಗ್ರಿ. ಅಲ್ಲಿಂದ ಇಲ್ಲಿಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

1950ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನಲ್ಲೇ ಎಡ್ವರ್ಡ್ ಅರ್ವಿಂಗ್ ಎಂಬ ವಿದ್ಯಾರ್ಥಿ ಭಾರತದ ಕಲ್ಲುಗಳನ್ನು ಅಳೆದು, ಭಾರತ ಉತ್ತರಕ್ಕೆ ಸರಿದಿದೆ, ಜೊತೆಗೆ ಅಪ್ರದಕ್ಷಿಣವಾಗಿ ತಿರುಗಿದೆ ಎಂದು ಕಂಡುಕೊಂಡ. 1954ರಲ್ಲಿ ಅವನ ಪಿಎಚ್‌ಡಿ ಪ್ರಬಂಧಕ್ಕೆ ಪದವಿ ಸಿಗಲಿಲ್ಲ. ಅವನ ಬೆನ್ನಿಗೆ ನಿಂತವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಚದುರಿದ ದಿಕ್ಕುಗಳಿಂದ ನಂಬಲರ್ಹ ಸರಾಸರಿ ತೆಗೆಯುವ ವಿಧಾನವನ್ನು ಫಿಶರ್ 1953ರಲ್ಲಿ ಪ್ರಕಟಿಸಿದರು. ಸಂಭಾವ್ಯತೆ ಎಂದರೇನು ಎಂಬ ಬಗ್ಗೆ 1930ರ ದಶಕದಲ್ಲಿ ಜೆಫ್ರೀಸ್ ಜೊತೆ ಬಹಿರಂಗವಾಗಿ ವಾದಕ್ಕಿಳಿದವರೂ ಇದೇ ಫಿಶರ್. ಕಲ್ಲನ್ನು ಖಂಡಗಳು ಯಾಕೆ ಚಲಿಸುತ್ತವೆ ಎಂದು ಕೇಳಲಾಗದು, ಚಲಿಸಿದವೋ ಇಲ್ಲವೋ ಎಂದಷ್ಟೇ ಕೇಳಬಹುದು. ಫಿಶರ್ ಕೇಳಿದ್ದು ಅದನ್ನೇ.

ಇದು ನನಗೆ ಪುಸ್ತಕದ ವಿಷಯ ಮಾತ್ರವಲ್ಲ. ನನ್ನ ತಾಯಿಗೆ ಒಂದು ಕಾಲದಲ್ಲಿ ಅಂಗಾಲು ಉರಿ. ರಾತ್ರಿ ಎದ್ದು ಬಚ್ಚಲಿನ ತಣ್ಣನೆ ಕಲ್ಲಿನ ಮೇಲೆ ಪಾದ ಒತ್ತಿ ನಿಲ್ಲುತ್ತಿದ್ದರು. ರಕ್ತಪರೀಕ್ಷೆಯ ವರದಿಗಳಲ್ಲಿ ಏನೂ ಕಾಣಲಿಲ್ಲ. ‘ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದರು ವೈದ್ಯರು. ಕಾರಣ ಸಿಗಲಿಲ್ಲ ಎನ್ನುವುದು ಒಂದು ಮಾತು, ಉರಿಯೇ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿಯುವ ಹಕ್ಕು ಜೆಫ್ರೀಸರಿಗೂ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಸುಲಭವಿತ್ತು. ಆದರೆ ಜೆಫ್ರೀಸರ ಇನ್ನೊಂದು ಆಕ್ಷೇಪವಿದೆ. ಕಾಂತವನ್ನು ಒರಟಾಗಿ ಮುಟ್ಟಿದರೂ ಅದರ ಗುಣ ಕೆಡುತ್ತದೆ. ಹಾಗಿರುವಾಗ ಸುತ್ತಿಗೆಯಿಂದ ಒಡೆದು ತಂದ ಕಲ್ಲಿನ ಕಾಂತತ್ವವನ್ನು ನಂಬುವುದು ಹೇಗೆ? ಇದನ್ನು ಮೊದಲು ಓದಿದಾಗ ಹಟಮಾರಿಯ ಕುಂಟುನೆಪ ಎನ್ನಿಸಿತು. ಈಗ ಹಾಗೆನ್ನಲಾರೆ. ಸಿಡಿಲು ಬಡಿದ ಕಲ್ಲಿನ ಕಾಂತದಿಕ್ಕು ನಿಜವಾಗಿ ಕೆಡುತ್ತದೆ. ಮತ್ತೆ ಕಾದ ಕಲ್ಲು ಹಳೆಯ ದಿಕ್ಕನ್ನು ಮರೆತು ಹೊಸದನ್ನು ಹಿಡಿಯುತ್ತದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಮೇಲೆ ಅಂಟಿದ ದುರ್ಬಲ ಕಾಂತತ್ವವನ್ನು ಅಳಿಸಿ, ಕೊನೆಗೆ ಉಳಿಯುವ ಗಟ್ಟಿ ದಿಕ್ಕನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜೆಫ್ರೀಸರ ಸಂಶಯಕ್ಕೆ ಸಿಕ್ಕ ಉತ್ತರವೇ ಈ ಶಾಸ್ತ್ರದ ದಿನನಿತ್ಯದ ಕೆಲಸವಾಗಿದೆ. ಖಂಡ ಹೇಗೆ ಚಲಿಸಿತೆಂದು ತಿಳಿಯದೆ ಚಲಿಸಿತು ಎನ್ನಬಹುದು, ಸರಿ. ಕಲ್ಲು ದಿಕ್ಕನ್ನು ಹೇಗೆ ಹಿಡಿದಿಡುತ್ತದೆಂದು ತಿಳಿಯದೆ ಅಷ್ಟೂ ಹೇಳಲಾಗದು. ನಾನು ಮುಂಬಾಗಿಲಲ್ಲಿ ತಡೆದ ಪ್ರಶ್ನೆ ಹಿಂಬಾಗಿಲಿಂದ ಒಳಗೆ ಬಂದಿದೆ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಭೂಕಾಂತ ಆಗಾಗ ತಲೆಕೆಳಗಾಗುತ್ತದೆ, ದಖ್ಖನ್ನಿನ ಬಹುಪಾಲು ಪದರಗಳು ಅಂಥ ಕಾಲದವು. ಅವುಗಳೊಳಗಿನ ದಿಕ್ಕು ಆಗ್ನೇಯಕ್ಕೆ ವಾಲಿ ಕೆಳಮುಖವಾಗಿದೆ. ಇದನ್ನು ಎರಡು ಬಗೆಯಲ್ಲಿ ಓದಬಹುದು: ಭಾರತ ದಕ್ಷಿಣ ಗೋಳಾರ್ಧದಲ್ಲಿತ್ತು, ಕಾಂತ ತಿರುಗುಮುರುಗಾಗಿತ್ತು, ಇಲ್ಲವೇ ಭಾರತ ಉತ್ತರದಲ್ಲೇ ಇತ್ತು, ಆಮೇಲೆ ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿತು. ಒಂದೇ ಕಲ್ಲನ್ನು ಹಿಡಿದು ಈ ಎರಡರಲ್ಲಿ ಆರಿಸಲಾಗದು. ಬೇರೆ ಬೇರೆ ವಯಸ್ಸಿನ ಕಲ್ಲುಗಳನ್ನು, ಹಿಂದೂ ಮಹಾಸಾಗರದ ತಳ ಹರಡುತ್ತ ಉಳಿಸಿಕೊಂಡ ಕಾಂತಪಟ್ಟೆಗಳನ್ನು ಜೋಡಿಸಿದಾಗಲೇ ಮೊದಲ ಓದು ನಿಲ್ಲುತ್ತದೆ. ರೇಖಾಂಶವಂತೂ ಈ ವಿಧಾನಕ್ಕೆ ಸಿಗುವುದೇ ಇಲ್ಲ. ಅಂದರೆ ಒಂಟಿ ಕಲ್ಲು ಹೇಳುವುದು ಅರ್ಧ ವಾಕ್ಯ, ಅದನ್ನು ಪೂರ್ತಿ ಮಾಡುವುದು ಉಳಿದ ಸಾಕ್ಷಿಗಳು.

ಹಾಗೆ ಪೂರ್ತಿಯಾದ ವಾಕ್ಯವೊಂದನ್ನು ಮಲ್ಪೆಯಿಂದ ದೋಣಿ ಹತ್ತಿದರೆ ಕಾಣಬಹುದು. ಸೇಂಟ್ ಮೇರಿಸ್ ದ್ವೀಪಗಳ ಕಲ್ಲು ಕಂಬಗಳು ಐದು, ಆರು, ಕೆಲವು ಏಳು ಮೂಲೆಯವು. ಲಾವಾ ಆರುತ್ತ ಕುಗ್ಗಿ ಬಿರಿದ ಗುರುತು ಅದು. ಕಂಬಗಳ ನಡುವಿನ ಸಂದಿಯಲ್ಲಿ ಬೆರಳು ಇಟ್ಟು ನೋಡಿದ್ದೇನೆ. ಅಂಚು ಈಗಲೂ ಚೂಪು. ಈ ಶಿಲೆ ಸುಮಾರು 9 ಕೋಟಿ ವರ್ಷ ಹಳೆಯದು. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆ ಮಡಗಾಸ್ಕರಿನಲ್ಲಿದೆ. ಎರಡು ನೆಲಗಳನ್ನು ಕಾಂತದಿಕ್ಕು, ಸಾಗರತಳದ ಪಟ್ಟೆ ಎರಡನ್ನೂ ಹಿಡಿದು ಹಿಂದಕ್ಕೆ ಸರಿಸಿದರೆ ಅಕ್ಕಪಕ್ಕ ಬಂದು ಕೂರುತ್ತವೆ. ಅವು ಬೇರ್ಪಟ್ಟ ಕಾಲದ ಬೆಂಕಿ ಇದು. ಇಲ್ಲಿ ನನಗೆ ಸಂಶಯವಿಲ್ಲ, ಜೆಫ್ರೀಸರ ಎದುರು ಧೈರ್ಯವಾಗಿ ನಿಲ್ಲಬಲ್ಲೆ.

ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ಆ ಧೈರ್ಯ ಉಳಿಯುವುದಿಲ್ಲ. ಅಲ್ಲಿರುವುದು ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ, 250 ಕೋಟಿ ವರ್ಷಕ್ಕೂ ಹಳೆಯದು. ನೀರಿನಡಿ ಉಕ್ಕಿದ ಲಾವಾಕ್ಕೆ ಮಾತ್ರ ಈ ಆಕಾರ ಬರುತ್ತದೆ. ಹಾಗಾದರೆ ಅದು ಆಗಿನ ಸಾಗರತಳದ ಫಲಕವೊಂದರ, ಅಂದರೆ ಒಟ್ಟಾಗಿ ಸರಿಯುವ ಭೂಚಿಪ್ಪಿನ ತುಂಡೊಂದರ, ಭಾಗವೇ? ಅಷ್ಟು ಹಿಂದೆ ಫಲಕಗಳೆಂಬವು ಇದ್ದವೇ, ಅಥವಾ ಬಿಸಿ ಭೂಮಿಯ ಚಿಪ್ಪು ಬೇರೆ ರೀತಿಯಲ್ಲಿ ಮಡಚಿಕೊಳ್ಳುತ್ತಿತ್ತೇ? ಆಸ್ಟ್ರೇಲಿಯಾದ ಪಿಲ್ಬಾರಾದ ಸುಮಾರು 320 ಕೋಟಿ ವರ್ಷ ಹಳೆಯ ಬಸಾಲ್ಟ್ ಅಳೆದು, ಆ ನೆಲ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರಿನಷ್ಟು ಸರಿದಿತ್ತು ಎಂದು 2020ರಲ್ಲಿ ಪ್ರಕಟಿಸಿದವರಿದ್ದಾರೆ. ಆ ಸುದ್ದಿ ಓದಿದೊಡನೆ ನನ್ನೊಳಗೆ ಎದ್ದ ಮೊದಲ ಪ್ರಶ್ನೆ: ಸರಿದದ್ದು ನಿಜವಿರಬಹುದು, ಆದರೆ ಯಾವ ಬಲದಿಂದ? ಇಡೀ ಭೂಮಿಯೇ ಹೊರಳಿ ಆ ನೆಲ ಸರಿದಂತೆ ತೋರಿರಬಹುದಲ್ಲ?

ಇದು ಜೆಫ್ರೀಸರದೇ ಪ್ರಶ್ನೆ. ದಖ್ಖನ್ನಿನ ವಿಷಯದಲ್ಲಿ ಇದನ್ನು ಕೇಳುವವರ ಮೇಲೆ ಸಿಟ್ಟಾಗುವ ನಾನು, ಪಿಲ್ಬಾರಾದ ವಿಷಯದಲ್ಲಿ ನಾನೇ ಕೇಳುತ್ತೇನೆ. ಸಾಕ್ಷಿಗಳು ಹಲವಾದಾಗ ಕಾರಣಕ್ಕೆ ಕಾಯಬೇಕಿಲ್ಲ, ಒಂದೆರಡೇ ಇದ್ದಾಗ ಕಾರಣವನ್ನೂ ಕೇಳಬೇಕು ಎಂಬಷ್ಟನ್ನು ಒಪ್ಪಬಲ್ಲೆ. ಹಲವು ಎನ್ನಲು ಎಷ್ಟು ಸಾಕ್ಷಿ ಬೇಕು? 1954ರಲ್ಲಿ ಅರ್ವಿಂಗ್ ಬಳಿ ಇದ್ದದ್ದು ಕೆಲವೇ. ಅಂದಿನ ಪರೀಕ್ಷಕರ ಜಾಗದಲ್ಲಿ ನಾನಿದ್ದರೆ ಅವನನ್ನು ನಂಬುತ್ತಿದ್ದೆ ಎಂದು ಹೇಳಲು ನನಗೆ ಆಸೆಯಿದೆ. ಅದಕ್ಕೆ ಬೇಕಾದ ನಿಯಮ ಮಾತ್ರ ನನ್ನ ಕೈಯಲ್ಲಿಲ್ಲ.