ಮರೆವಿಗೆ ಹೊಣೆ ಯಾರು?

ಒದಗಿದ ಕೇಡಿಗೆ ಹೊರಗೊಂದು ಕಾರಣ ದೊರೆಯಿತೆಂದರೆ ಮನುಷ್ಯನ ಮನಸ್ಸಿಗೆ ಒಂದು ಬಗೆಯ ಸಮಾಧಾನ. ಹಿಂದೆ ಗ್ರಹಗತಿಯ ಮೇಲೆ ಹೊರಿಸುತ್ತಿದ್ದ ಭಾರವನ್ನು ಈಗ ಯಂತ್ರದ ಮೇಲೆ ಹೊರಿಸುವುದು ವಾಡಿಕೆಯಾಗಿದೆ. ಮೊಬೈಲ್ ಫೋನಿನ ವಿಕಿರಣದಿಂದ ನೆನಪು ಕುಂದುವುದು, ಬುದ್ಧಿ ಮಂಕಾಗುವುದು ಎಂಬ ಭಯ ವಿದ್ಯಾವಂತರ ಮನೆಗಳಲ್ಲಿಯೂ ನೆಲೆಸಿದೆ. ಇಂದಿರಾನಗರದಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ, ಎದುರುಮನೆಯ ಮಾಳಿಗೆಯ ಮೇಲೆ ಟವರ್ ಎದ್ದರೆ ನೆರೆಹೊರೆಯವರಿಗೆ ಕಳವಳ. ಈ ಭಯಕ್ಕೆ ಆಧಾರವೆಷ್ಟು?

ಎಚ್ಚರಿಕೆ ಅನಾವಶ್ಯಕವೆಂದು ಯಾರೂ ಹೇಳಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಈ ತರಂಗಗಳನ್ನು ಕ್ಯಾನ್ಸರಿಗೆ ಕಾರಣವಾಗಿರಬಹುದಾದವುಗಳ ವರ್ಗದಲ್ಲಿ ಸೇರಿಸಿತು. ಭಾರತ ಸರ್ಕಾರವು 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿತು. ಆದರೆ ನೆನಪು, ಗಮನ ಇವುಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಾಗಿ ತೂಗಿ 2024ರಲ್ಲಿ ಪ್ರಕಟವಾದ ಪರಿಶೀಲನೆಗೆ ತರಂಗದಿಂದಾದ ಗಣನೀಯವಾದ ಹಾನಿ ಕಾಣಲಿಲ್ಲ. ಅವು ಅಲ್ಪಕಾಲದ ಪ್ರಯೋಗಗಳೆಂಬುದು ನಿಜ. ಆದರೂ ಇಂದಿನ ತಿಳಿವಿನ ಒಲವು ಇತ್ತ. ಮತ್ತೊಂದು ವಿಚಿತ್ರವುಂಟು: ಟವರ್ ದೂರವಾಗಿ ಸಂಕೇತ ಕ್ಷೀಣಿಸಿದಷ್ಟೂ ಕೈಯೊಳಗಿನ ಫೋನು ಹೆಚ್ಚು ಬಲದಿಂದ ತರಂಗಗಳನ್ನು ಬೀರುತ್ತದೆ. ಬೀದಿಯ ಟವರನ್ನು ಓಡಿಸಿದವನು ಕಿವಿಯ ಬಳಿಯ ವಿಕಿರಣವನ್ನು ತಾನೇ ಹೆಚ್ಚಿಸಿಕೊಂಡಾನು.

ಹಾಗಾದರೆ ನೆನಪು ಕುಂದಿಲ್ಲವೆ? ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಫೋನಿನ ಬ್ಯಾಟರಿ ಮುಗಿದುಹೋದ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಯಾರಾದರೂ ತಮ್ಮ ಫೋನನ್ನು ಕೊಟ್ಟಾರು. ಆದರೆ ಅವನಿಗೆ ಹೆಂಡತಿಯ ನಂಬರು ಬಾರದು, ಮಗನದೂ ಬಾರದು. ಇಲ್ಲಿ ನೆನಪನ್ನು ಕಿರಣ ಕದ್ದಿಲ್ಲ, ಅವನೇ ಒತ್ತೆಯಿಟ್ಟಿದ್ದಾನೆ. ಬೇಕಾದಾಗ ಸಿಕ್ಕುವುದೆಂದು ನಂಬಿದ ವಿಷಯವನ್ನು ಮನಸ್ಸು ಅಷ್ಟಾಗಿ ಉಳಿಸಿಕೊಳ್ಳುವುದಿಲ್ಲವೆಂದು 2011ರಲ್ಲಿ ಅಮೆರಿಕದ ವಿದ್ವಾಂಸರು ಪ್ರಯೋಗದಿಂದ ತೋರಿಸಿದರು. ಈ ಶಂಕೆ ಹೊಸದಲ್ಲ. ಬರವಣಿಗೆಯೇ ನೆನಪನ್ನು ಕೆಡಿಸುವುದೆಂಬ ಆಕ್ಷೇಪವನ್ನು ಪ್ಲೇಟೋ ತನ್ನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಲ್ಲಿ ಆಡಿಸಿದ್ದಾನೆ. ಬರವಣಿಗೆಯಿಂದ ಲೋಕ ಕೆಡಲಿಲ್ಲ, ನಿಜ. ಆದರೆ ಪುಸ್ತಕವು ಮುಚ್ಚಿಟ್ಟರೆ ಸುಮ್ಮನಿರುತ್ತದೆ; ಫೋನು ಸುಮ್ಮನಿರದೆ ಕರೆಯುತ್ತದೆ. ಹಲಸೂರಿನಿಂದ ಮೆಟ್ರೋ ಹತ್ತಿದವರ ತಗ್ಗಿದ ತಲೆಗಳನ್ನು ಕಂಡರೆ ಸಾಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಇದಕ್ಕಾಗಿಯೇ ಚಿಕಿತ್ಸಾಲಯವೊಂದನ್ನು ತೆರೆಯಿತು. ಅಲ್ಲಿ ಚಿಕಿತ್ಸೆ ನಡೆಯುವುದು ತರಂಗಕ್ಕಲ್ಲ, ಅಭ್ಯಾಸಕ್ಕೆ.

ಅಭ್ಯಾಸದ ದೋಷವೆಲ್ಲ ವ್ಯಕ್ತಿಯದೇ ಎಂದರೆ ಅದೂ ಅನ್ಯಾಯ. ಜನರ ಗಮನವನ್ನು ಹಿಡಿದಿಡುವುದನ್ನೇ ವ್ಯಾಪಾರ ಮಾಡಿಕೊಂಡವರಿದ್ದಾರೆ. ಫೋನಿನ ಕರೆಯ ಮೇಲೆಯೇ ಅನ್ನ ನಿಂತಿರುವ ದುಡಿಮೆಗಾರರೂ ಇದ್ದಾರೆ. ಆದರೂ ಕಿರಣಕ್ಕೆ ಹೊಣೆ ಕಟ್ಟಿದವನಿಗೆ ಮಾಡತಕ್ಕದ್ದು ಏನೂ ಉಳಿಯುವುದಿಲ್ಲ. ಅಭ್ಯಾಸವೆಂದು ಒಪ್ಪಿದವನಿಗೆ ಉಳಿಯುತ್ತದೆ.

ಎಲ್ಲವನ್ನೂ ನೆನಪಿನಲ್ಲಿಡಬೇಕಾಗಿಲ್ಲ. ರೈಲಿನ ವೇಳೆ, ಅಂಗಡಿಯ ಲೆಕ್ಕ ಯಂತ್ರದಲ್ಲಿರಲಿ. ಆದರೆ ತಾಯಿಯ ಔಷಧದ ಹೊತ್ತು, ಗೆಳೆಯನ ಮನೆಯ ದುಃಖ, ಕೊಟ್ಟ ಮಾತು — ಇವುಗಳನ್ನು ನೆನೆಯುವುದು ಕೇವಲ ಬುದ್ಧಿಯ ಕೆಲಸವಲ್ಲ, ಅಕ್ಕರೆಯ ಕೆಲಸ. ಯಂತ್ರವು ಹೊತ್ತಿಗೆ ಸರಿಯಾಗಿ ಎಚ್ಚರಿಸಬಲ್ಲದು. ಅಕ್ಕರೆಪಡಲು ಅದಕ್ಕೆ ಬಾರದು.