ಕೇಳದಿರುವ ಹಕ್ಕು ಮತ್ತು ಅದರ ಮೇರೆ

ಮಾತನಾಡುವ ಹಕ್ಕನ್ನು ಕುರಿತು ಲೋಕದಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಕೇಳದಿರುವ ಹಕ್ಕನ್ನು ಕುರಿತು ನಡೆದ ಚಿಂತನೆ ಅಲ್ಪ. ಎದುರುಬದುರು ಕುಳಿತು ನಡೆಯುವ ಮಾತುಕತೆಯಲ್ಲಿ ಈ ಪ್ರಶ್ನೆ ಅಷ್ಟಾಗಿ ತಲೆದೋರುವುದಿಲ್ಲ. ಮಾತು ಸಹ್ಯವಾಗದಿದ್ದರೆ ಎದ್ದು ಹೋಗಬಹುದು. ಉಳಿದವರ ಮಾತು ಮುಂದುವರಿಯುತ್ತದೆ. ಗಣಕಯಂತ್ರ ಹಾಗೂ ಮೊಬೈಲುಗಳ ಮೂಲಕ ನಡೆಯುವ ಸಾರ್ವಜನಿಕ ಚರ್ಚೆಯಲ್ಲಿ ಹಾಗಲ್ಲ. ಅಲ್ಲಿ ಬೇಡವಾದವರನ್ನು ದೂರವಿಡಲು ‘ಬ್ಲಾಕ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದಾಗ ಏನಾಗಬೇಕು ಎಂಬುದು ತಂತ್ರಜ್ಞರ ಪ್ರಶ್ನೆಯಂತೆ ತೋರಿದರೂ ಮೂಲತಃ ಅದು ನೀತಿಯ ಪ್ರಶ್ನೆಯೇ ಆಗಿದೆ.

ಈ ವ್ಯವಸ್ಥೆಯ ಆರಂಭಿಕ ರೂಪ ಸರಳವಾಗಿತ್ತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಕಲ್ಪಿಸಿದರು. ಅದನ್ನು ಓದಲು ಲ್ಯಾರಿ ವಾಲ್ ಎಂಬವರು 1984ರಲ್ಲಿ ರಚಿಸಿದ ತಂತ್ರಾಂಶದಲ್ಲಿ ‘ಕಿಲ್ ಫೈಲ್’ ಎಂಬ ಪಟ್ಟಿಗೆ ಅವಕಾಶವಿತ್ತು. ಅದರಲ್ಲಿ ಸೇರಿಸಿದ ಬರಹಗಳು ಪಟ್ಟಿ ಮಾಡಿದವನ ಕಣ್ಣಿಗೆ ಮಾತ್ರ ಬೀಳುತ್ತಿರಲಿಲ್ಲ. ಉಳಿದವರೆಲ್ಲ ಅವನ್ನು ಓದಬಹುದಿತ್ತು, ಉತ್ತರಿಸಬಹುದಿತ್ತು. ಒಬ್ಬನು ತನ್ನ ಕಿವಿಯನ್ನಷ್ಟೇ ಮುಚ್ಚಿಕೊಂಡಂತೆ. ಆದರೆ ಅಲ್ಲಿಯೂ ಒಂದು ದೋಷ ನುಸುಳಿತು. ಪಟ್ಟಿಗೆ ಸೇರಿಸಿದವನು ‘ಪ್ಲಾಂಕ್’ ಎಂಬ ಸದ್ದಿನ ಪದವನ್ನು ಎಲ್ಲರೆದುರು ಬರೆದು ಸಾರುವ ರೂಢಿ ಬೆಳೆಯಿತು. ಮೌನವಾಗಿ ಮಾಡಿದ್ದರೆ ಸಂಯಮವಾಗುತ್ತಿದ್ದ ಕಾರ್ಯವು ಸಾರಿದ್ದರಿಂದ ಅವಮಾನದ ಅಸ್ತ್ರವಾಯಿತು.

ಕಿವಿ ಮುಚ್ಚಿಕೊಂಡರೆ ಎಲ್ಲ ಕಷ್ಟವೂ ತೀರುತ್ತದೆಯೆ? ಹೆಸರು ಮರೆಸಿಕೊಂಡ ಹಲವರು ಒಬ್ಬ ಹೆಣ್ಣುಮಗಳ ಬರಹದ ಕೆಳಗೆ ಹೀನ ಮಾತುಗಳನ್ನು ಬರೆಯುತ್ತಾರೆಂದು ಭಾವಿಸಬಹುದು. ಆಕೆ ಓದದಿದ್ದರೂ ಆಕೆಯ ಬಂಧುಗಳು, ಸಹೋದ್ಯೋಗಿಗಳು ಓದುತ್ತಾರೆ. ಆಕೆಯನ್ನು ಬೆನ್ನಟ್ಟುವವನಿಗೆ ಆಕೆ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬುದೆಲ್ಲ ತಿಳಿಯುತ್ತಲೇ ಇರುತ್ತದೆ. ಆದುದರಿಂದ ಕಿವಿಯ ಜೊತೆಗೆ ಬಾಗಿಲಿಗೂ ಅಗಳಿ ಬೇಕು. ನಿಂದೆಯನ್ನು ಸಹಿಸುವುದು ಧರ್ಮವೆಂದು ನಿಂದಿತರಿಗೆ ಬೋಧಿಸುವುದು ಸುಲಭ. ಆದರೆ ಒಬ್ಬರ ಕ್ಷಮೆಯನ್ನು ಇನ್ನೊಬ್ಬರ ಹಿಂಸೆಗೆ ಬಂಡವಾಳವಾಗಿಸುವುದು ಅಧರ್ಮ.

ಅಗಳಿಯೂ ಅತಿಯಾಗಬಹುದು. ರೆಡಿಟ್ ಎಂಬ ಚರ್ಚಾಜಾಲವು 2022ರ ಜನವರಿಯಲ್ಲಿ ತನ್ನ ನಿಯಮವನ್ನು ಬದಲಿಸಿತು. ಅದುವರೆಗೆ ಬ್ಲಾಕ್ ಮಾಡಿದವನಿಗೆ ಮಾತ್ರ ಎದುರಾಳಿಯ ಬರಹ ಮರೆಯಾಗುತ್ತಿತ್ತು. ಬದಲಾವಣೆಯ ನಂತರ, ಬ್ಲಾಕ್ ಆದವನು ಬ್ಲಾಕ್ ಮಾಡಿದವನ ಮಾತಿನ ಕೆಳಗೆ ಉತ್ತರವನ್ನೇ ಬರೆಯಲಾಗದಂತಾಯಿತು. ಪೀಡಿತರಿಗೆ ಇದರಿಂದ ನೆಮ್ಮದಿ ದೊರಕಿತೆಂಬುದು ನಿಜ. ಆದರೆ ಇದರ ಇನ್ನೊಂದು ಮುಖ ಬೇಗನೆ ಗೋಚರಿಸಿತು. ಸುಳ್ಳನ್ನು ಹೇಳುವವನು ತನ್ನನ್ನು ತಿದ್ದಬಲ್ಲ ನಾಲ್ವರನ್ನು ಮೊದಲೇ ಬ್ಲಾಕ್ ಮಾಡಿದರೆ, ಅವನ ಮಾತು ಪ್ರತಿವಾದವಿಲ್ಲದೆ ನಿಲ್ಲುತ್ತದೆ. ಓದುಗರು ಯಾರೂ ಆಕ್ಷೇಪಿಸಿಲ್ಲವೆಂದು ನಂಬುತ್ತಾರೆ. ಲೆಕ್ಕ ತಪ್ಪಿದೆ ಎಂದ ಗುಮಾಸ್ತನನ್ನು ಅಂಗಡಿಯಿಂದ ಕಳುಹಿಸಿದರೆ ಲೆಕ್ಕವೇನೂ ಸರಿಹೋಗುವುದಿಲ್ಲ; ತಪ್ಪು ತಿಳಿದವರ ಸಂಖ್ಯೆಯಷ್ಟೇ ಕಡಿಮೆಯಾಗುತ್ತದೆ.

ಹಿಂದೆ ಟ್ವಿಟ್ಟರ್ ಎಂದು ಪ್ರಸಿದ್ಧವಾಗಿದ್ದ ಎಕ್ಸ್ ಸಂಸ್ಥೆಯು 2024ರ ನವೆಂಬರಿನಲ್ಲಿ ವಿರುದ್ಧ ದಿಕ್ಕಿಗೆ ಸರಿಯಿತು. ಬ್ಲಾಕ್ ಆದವರು ಉತ್ತರಿಸಲಾರರು, ಆದರೆ ಸಾರ್ವಜನಿಕ ಬರಹಗಳನ್ನು ನೋಡಬಹುದು ಎಂದಾಯಿತು. ಬೇರೊಂದು ಖಾತೆಯಿಂದ ಹೇಗೂ ನೋಡಬಹುದಾಗಿದ್ದುದರಿಂದ ಹಳೆಯ ತಡೆ ನಿರರ್ಥಕವೆಂದು ಕೆಲವರು ವಾದಿಸಿದರು. ಈ ವಾದ ಅರೆಸತ್ಯ. ಒಡೆಯಬಹುದೆಂಬ ಕಾರಣಕ್ಕೆ ಅಂಗಡಿಗೆ ಬೀಗವನ್ನೇ ಹಾಕದ ವ್ಯಾಪಾರಿಯಿಲ್ಲ. ದುರ್ಬಲವಾದ ತಡೆಯೂ ದುಡುಕಿನವನಿಗೆ ಒಂದು ಕ್ಷಣ ಯೋಚಿಸುವ ಅವಕಾಶ ಕೊಡುತ್ತದೆ.

ಇವೆಲ್ಲದರಿಂದ ಒಂದು ವಿವೇಕ ಹೊರಡುತ್ತದೆ. ಕಿವಿ ತನ್ನದು, ಬಾಗಿಲು ತನ್ನದು, ಬೀದಿ ಮಾತ್ರ ಎಲ್ಲರದು. ಯಾರ ಮಾತನ್ನಾದರೂ ಕಾರಣ ಹೇಳದೆ ಕೇಳದಿರುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ತನ್ನ ಸ್ವಂತ ಪುಟಕ್ಕೆ ಬರಬೇಡವೆನ್ನುವ, ತನ್ನ ಖಾಸಗಿ ವಿವರಗಳನ್ನು ನೋಡಬೇಡವೆನ್ನುವ ಹಕ್ಕೂ ಇದೆ. ಆದರೆ ನೂರು ಜನ ಸೇರಿ ನಡೆಸುವ ಚರ್ಚೆಯಲ್ಲಿ ಉಳಿದ ತೊಂಬತ್ತೆಂಟು ಜನರ ಕಿವಿಯನ್ನು ಮುಚ್ಚುವ ಹಕ್ಕು ಯಾವ ಒಬ್ಬನಿಗೂ ಇಲ್ಲ. ಅಲ್ಲಿ ಯಾರನ್ನಾದರೂ ಹೊರಹಾಕಬೇಕಾದರೆ ಅದನ್ನು ಸಭೆಯ ನಿಯಮದಂತೆ, ಕಾರಣ ಕೊಟ್ಟು, ನಡೆಸುವವರು ಮಾಡಬೇಕು.

ಅಧಿಕಾರದಲ್ಲಿರುವವರ ಬಾಗಿಲಂತೂ ಪೂರ್ತಿ ಅವರದಲ್ಲ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಟ್ವಿಟ್ಟರಿನಲ್ಲಿ ಟೀಕಾಕಾರರನ್ನು ಬ್ಲಾಕ್ ಮಾಡಿದ್ದು ಸಂವಿಧಾನಬಾಹಿರವೆಂದು 2018ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅವರು ಪದವಿಯಿಂದ ಇಳಿದ ಮೇಲೆ, 2021ರಲ್ಲಿ, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ ಪ್ರಕರಣವನ್ನು ಮುಗಿಸಿತು. ಅದೇ ನ್ಯಾಯಾಲಯ 2024ರ ಮಾರ್ಚಿನಲ್ಲಿ, ಬೇರೊಂದು ಪ್ರಕರಣದಲ್ಲಿ, ಅಧಿಕಾರಿಗೆ ಸರಕಾರದ ಪರವಾಗಿ ಮಾತನಾಡುವ ಅಧಿಕಾರವಿದ್ದು ಅದನ್ನು ಚಲಾಯಿಸುವವನಂತೆ ಬರೆದಿದ್ದರೆ ಮಾತ್ರ ಆ ಬರಹ ಸರಕಾರದ ಕಾರ್ಯವಾಗುತ್ತದೆಂದು ಹೇಳಿತು. ಕಾನೂನಿನ ಗೆರೆ ಎಲ್ಲೇ ಇರಲಿ, ಸಾರ್ವಜನಿಕರ ಹಣ ಅಥವಾ ಹೊಣೆ ಹೊತ್ತವನು ಅದನ್ನು ಕುರಿತ ಪ್ರಶ್ನೆಗೆ ಅಗಳಿ ಹಾಕಬಾರದೆಂಬುದು ನೀತಿಯ ಗೆರೆ. ಒಂದು ಊರಿನ ಸಂಘದ ಪದಾಧಿಕಾರಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಗೆ ಉಳಿಯುವುದು ಗುಂಡಿ ಒತ್ತುವವನ ಅಂತಃಕರಣ. ಎದುರಿನವನು ನೋಯಿಸುತ್ತಾನೆಂದು ದೂರವಿಡುವುದಕ್ಕೂ ತಪ್ಪನ್ನು ತೋರಿಸುತ್ತಾನೆಂದು ದೂರವಿಡುವುದಕ್ಕೂ ಯಂತ್ರದಲ್ಲಿ ವ್ಯತ್ಯಾಸ ಕಾಣದು. ಮನಸ್ಸಿಗೆ ಮಾತ್ರ ಅದು ತಿಳಿದಿರುತ್ತದೆ. ತತ್ತ್ವಾರ್ಥಸೂತ್ರವು ಜೀವಿಗಳಲ್ಲಿ ಮೈತ್ರಿಯನ್ನೂ ದುರ್ವಿನೀತರಲ್ಲಿ ಮಾಧ್ಯಸ್ಥ್ಯವನ್ನೂ ಭಾವಿಸಬೇಕೆನ್ನುತ್ತದೆ. ಮಾಧ್ಯಸ್ಥ್ಯವೆಂದರೆ ದ್ವೇಷವಿಲ್ಲದ ದೂರ. ದ್ವೇಷ ಬೆರೆತರೆ ಅದೇ ದೂರ ಕಷಾಯವಾಗುತ್ತದೆ.

ವರ್ಷಕ್ಕೊಮ್ಮೆ ಬರುವ ಕ್ಷಮಾವಾಣಿಯ ದಿನ ಪರಿಚಿತರೆಲ್ಲರ ಕ್ಷಮೆ ಕೋರುವ ಶ್ರಾವಕನು ಮೊಬೈಲಿನಲ್ಲಿರುವ ಈ ಪಟ್ಟಿಯನ್ನೂ ಒಮ್ಮೆ ತೆರೆದು ನೋಡುವುದು ಉಚಿತ. ಭಯದಿಂದ ಅಗಳಿ ಹಾಕಿದವರು ಅದನ್ನು ತೆಗೆಯಬೇಕಾಗಿಲ್ಲ. ಬಾಗಿಲು ಮುಚ್ಚಿದ್ದರೂ ವೈರವನ್ನು ಬಿಡಬಹುದು. ಆದರೆ ತನ್ನ ತಪ್ಪನ್ನು ಸರಿಯಾಗಿಯೇ ಹೇಳಿದ್ದವನ ಹೆಸರು ಆ ಪಟ್ಟಿಯಲ್ಲಿ ಕಂಡರೆ, ಅದನ್ನು ಅಂದೇ ಅಳಿಸಿ, ಕ್ಷಮಿಸು ಎಂಬ ಮಾತನ್ನು ಮೊದಲು ಅವನಿಗೆ ಕಳುಹಿಸಬೇಕು.